ಚರ್ ಅನ್ನೋ ಸ್ವಿಚ್ಚಿಗೆ ಹೊಂದ್ಕೊಂಡು ಹೋಗಬ್ಯಾಡ್ರಿ

ನಮ್ಮ ಹೆಣ್ಮಕ್ಕಳ ಮ್ಯಾಲೆ ನಂದೊಂದು ತಕರಾರು ಅದ. ಕುಕ್ಕರಿನ ಒಂದು ಸೀಟಿ ತಪ್ಪಿದ್ರ ಪಡಸಾಲ್ಯಾಗ ಕೂತು ಗುರ್ತು ಹಿಡೀತೀವಿ. ಮಿಕ್ಸರಿನ ದನಿ ಬದಲಾದ್ರ ಕೂಡ್ಲೇ ಬಂದ್ ಮಾಡಿ ನೋಡ್ತೀವಿ. ಆದ್ರ ಅಡಗಿ ಮನಿ ಲೈಟಿನ ಸ್ವಿಚ್ಚು ಆರು ತಿಂಗಳಿಂದ ಚರ್ ಚರ್ ಅಂದ್ರೂ, "ಅದು ಹಂಗ ರೀ, ಇನ್ನೊಂದ್ಸಲ ಒತ್ರಿ, ಹತ್ತತದ" ಅಂತ ಬಂದವರಿಗೆ ನಾವ ಕಲಿಸಿಕೊಡ್ತೀವಿ!

ಟಕ್ ಅನ್ನೋದು ಸ್ವಿಚ್ಚಿನ ಗುಣ. ಚರ್ ಅನ್ನೋದು ರೋಗ. ಒಳಗ ಎರಡು ಸಣ್ಣ ಲೋಹದ ತುಣುಕು ಗಟ್ಟಿಯಾಗಿ ಕೂಡಬೇಕು. ಸ್ಪ್ರಿಂಗ್ ಸವೆದ್ರ, ಇಲ್ಲಾ ಹಿಂದಿನ ವೈರಿನ ಸ್ಕ್ರೂ ಸಡ್ಲಾದ್ರ, ನಡುವ ಕೂದಲೆಳಿಯಷ್ಟು ಸಂದಿ ಬೀಳ್ತದ. ಆ ಸಂದಿ ದಾಟಲಿಕ್ಕೆ ಕರೆಂಟು ಕಿಡಿ ಹಾರಸ್ತದ; ನಾವು ಕೇಳೋ ಸಪ್ಪಳ ಆ ಕಿಡೀದು. ಕಿಡಿ ಹಾರಿದಷ್ಟು ಮಸಿ, ಮಸಿ ಹಿಡಿದಷ್ಟು ಕಾವು. ಬೆಂಕಿ ಹತ್ತಲಿಕ್ಕೆ ಇನ್ನೇನು ಬೇಕು?

"ಎರಡು ಹನಿ ಕೊಬ್ಬರಿ ಎಣ್ಣಿ ಬಿಡ್ರಿ" ಅನ್ನೋ ವೈನಿಯರಿಗೆ ಕೈ ಮುಗೀತೀನಿ. ಕಿಡಿ ಹಾರೋ ಜಾಗಕ್ಕ ಎಣ್ಣಿ ಹಾಕ್ತಾರೇನ್ರಿ? ಕಿರಗುಟ್ಟೋ ಬಾಗಲಾ ಅಲ್ಲ ಅದು. ಬಿಚ್ಚಿ ಉಜ್ಜೋದೂ ಬ್ಯಾಡ. ಹೊಸಾದು ಹಾಕೋದ ಅದಕ್ಕ ರಿಪೇರಿ. ಐಎಸ್‌ಐ ಗುರ್ತಿನ 6 ಆಂಪಿಯರ್ ಸ್ವಿಚ್ಚು ಒಂದು ಕಿಲೋ ಶೇಂಗಾ ಎಣ್ಣಿಗಿಂತ ಸೋವಿ.

"ಕರೆಂಟಿನ ಕೆಲಸ ಹೆಣ್ಮಕ್ಕಳದಲ್ಲ" ಅಂತಾರ. ಹಸೀ ಕೈಲೆ ದಿನಾ ಹತ್ತು ಸಲ ಆ ಬೋರ್ಡ್ ಮುಟ್ಟೋರು ಯಾರು ಮತ್ತ? ಅಂಜಿಕಿ ಬೇಕು, 230 ವೋಲ್ಟ್ ಅಂದ್ರ ಆಟಾ ಅಲ್ಲ. ಆದ್ರ ನಮ್ಮ ಮನಿ ಶೂರರನ್ನ ನೋಡ್ರಿ: "ಸ್ವಿಚ್ ಆಫ್ ಮಾಡೀನಲ್ಲ" ಅಂತ ಸ್ಕ್ರೂ ಡ್ರೈವರ್ ಹಾಕೇ ಬಿಡ್ತಾರ. ಲೈಟ್ ಆರಿದ್ರೂ ಫೇಸ್ ವೈರ್ ಆ ಸ್ವಿಚ್ಚಿನ ತನಕ ಬಂದು ಕೂತೇ ಇರ್ತದ. ಮೇನ್ ಆಫ್ ಮಾಡಬೇಕು.

ಅಷ್ಟೂ ಸಾಲೂದಿಲ್ಲ. ಇನ್ವರ್ಟರ್ ಇದ್ದ ಮನ್ಯಾಗ ಮೇನ್ ಆಫ್ ಮಾಡಿದ ಕೂಡ್ಲೇ ಅದು ಕರೆಂಟು ಹೋತು ಅಂತ ತಿಳಕೊಂಡು ತಾನ ಲೈಟಿನ ವೈರಿಗೆ ಕರೆಂಟು ಕೊಡ್ತದ! ಅದೂ 230 ವೋಲ್ಟೇ, ಬ್ಯಾಟರೀದು ಅಂತ ಮೆತ್ತಗ ಹೊಡಿಯೂದಿಲ್ಲ. ಇನ್ವರ್ಟರ್ ಒಂದ ಆಫ್ ಮಾಡಿದ್ರ ಮೇನಿನ ಕರೆಂಟು ಅದರೊಳಗಿಂದ ಹಾದು ಬರ್ತದ. ಎರಡೂ ಆಫ್ ಆಗಬೇಕು. ಇದನ್ನ ಮನಿ ಮಂದಿಗೆಲ್ಲಾ ಹೇಳಿಡ್ರಿ, ಅತ್ತಿಯವರಿಗೂ.

ಆಫ್ ಮಾಡೋಕಿಂತ ಮೊದ್ಲು ಟೆಸ್ಟರನ್ನ ಹತ್ತಿರದ ಪ್ಲಗ್ಗಿನಾಗ ಹಾಕಿ ದೀಪ ಬರ್ತದೋ ನೋಡ್ರಿ. ಕೆಟ್ಟ ಟೆಸ್ಟರ್ ನಂಬೋದು ಟೆಸ್ಟರ್ ಇಲ್ಲದ್ದಕ್ಕಿಂತ ಖೊಟ್ಟಿ. ಆಫ್ ಆದ ಮ್ಯಾಲೆ, ಅಲ್ಲೇ ನಿಂತು, ಬೋರ್ಡಿನ ಎಲ್ಲಾ ಸ್ಕ್ರೂಗೂ ಹಚ್ಚಿ ನೋಡ್ರಿ. ಮೋಬೈಲಿನಾಗ ವೈರಿನ ಫೋಟೋ ತಗೊಳ್ರಿ. ಎರಡೂ ವೈರ್ ಬಿಚ್ಚಿ ಹೊಸಾದಕ್ಕ ಹಂಗ ಹಾಕಿ, ಸ್ಕ್ರೂ ಬಿಗದು, ಒಂದ್ಸಲ ಮೆತ್ತಗ ಜಗ್ಗಿ ನೋಡ್ರಿ. ಒಂದ ಸ್ಕ್ರೂದಾಗ ಎರಡು ವೈರ್ ಇದ್ರ ಗಾಬರಿ ಬ್ಯಾಡ. ಒಂದು ಬಾಜೂ ಸ್ವಿಚ್ಚಿಗೆ ಹೋಗಿರ್ತದ, ಎರಡೂ ಕೂಡೇ ಹಾಕಬೇಕು.

ವೈರ್ ಸುಟ್ಟು ಕರ್ರಗಾಗಿದ್ರ, ಗ್ವಾಡಿ ಹಸಿ ಇದ್ರ, ಸುಟ್ಟ ವಾಸನಿ ಇದ್ರ, ಗೀಜರಿನ ಸ್ವಿಚ್ಚಾದ್ರ, ಇಲ್ಲಾ ಟೆಸ್ಟರ್ ದೀಪ ಎಲ್ಲೇ ಹತ್ತಿದ್ರೂ ಕೈ ತಗೀರಿ, ಮಿಸ್ತ್ರೀನ ಕರೀರಿ. ಅಂವಾ "ಏನೂ ಆಗೂದಿಲ್ರೀ ಅಕ್ಕಾರ" ಅಂತ ಮೇನ್ ಆಫ್ ಮಾಡದ ಕೈ ಹಾಕಿದ್ರ, "ಮೊದ್ಲು ಆಫ್ ಮಾಡಪಾ ತಮ್ಮಾ" ಅನ್ರಿ. ಅರ್ಧ ತಾಸಿಗೆ ಫ್ರಿಜ್ಜಿನ ಹಾಲೇನ ಕೆಡೂದಿಲ್ಲ.