ಮೂಲಪತ್ರ ಬಿಟ್ಟು ಜೆರಾಕ್ಸ್ ತಂದವರು

ಕಳೆದ ದೀಪಾವಳಿಯ ರಜೆಯಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದಿದ್ದ. ಬೆಂಗಳೂರಿನಲ್ಲಿ ಒಳ್ಳೆಯ ಉದ್ಯೋಗದಲ್ಲಿರುವವನು. ಕೊರಳಿನಲ್ಲಿ ಒಂದು ಯಾಷಿಕಾ-ಮ್ಯಾಟ್ ಕ್ಯಾಮೆರಾ ತೂಗುತ್ತಿತ್ತು. ಒಂದರ ಮೇಲೊಂದು ಎರಡು ಮಸೂರಗಳಿರುವ, ಎದೆಯ ಮಟ್ಟಕ್ಕೆ ಹಿಡಿದು ಮೇಲಿನಿಂದ ತಲೆಬಾಗಿಸಿ ನೋಡಬೇಕಾದ ಆ ಪೆಟ್ಟಿಗೆಯನ್ನು ನಿಮ್ಮಲ್ಲಿ ಹಲವರು ನಮ್ಮೂರ ಸ್ಟುಡಿಯೋದಲ್ಲಿ ಕಂಡಿದ್ದೀರಿ. “ಡಿಜಿಟಲ್ ಸಾಕಾಯಿತು ಸಾರ್, ಮೀಡಿಯಂ ಫಾರ್ಮ್ಯಾಟ್ ಫಿಲ್ಮಿಗೆ ಬಂದಿದ್ದೇನೆ” ಎಂದ. ನನಗೆ ಸಂತೋಷವೇ ಆಯಿತು. ನನ್ನನ್ನೂ ನನ್ನ ಪತ್ನಿಯನ್ನೂ ತುಳಸಿಕಟ್ಟೆಯ ಬಳಿ ನಿಲ್ಲಿಸಿ, ಬೆಳಕನ್ನು ಅಳೆದು, ನಿಧಾನವಾಗಿ ಒಂದೇ ಒಂದು ಚಿತ್ರ ತೆಗೆದ.

ಎರಡು ವಾರಗಳ ನಂತರ ಆ ಚಿತ್ರ ಮೊಬೈಲಿಗೆ ಬಂತು. ಚೆನ್ನಾಗಿತ್ತು. ಕರೆ ಮಾಡಿ ಮೆಚ್ಚಿಗೆ ಹೇಳಿ, ನೆಗೆಟಿವ್ ಎಲ್ಲಿದೆ ಎಂದು ಕೇಳಿದೆ. “ಅದು ಲ್ಯಾಬಿನಲ್ಲೇ ಇದೆ ಸಾರ್. ಅವರು ಸ್ಕ್ಯಾನ್ ಮಾಡಿ ಕಳಿಸುತ್ತಾರೆ. ನೆಗೆಟಿವ್ ತರಿಸಿಕೊಳ್ಳುವುದಕ್ಕೆ ಕೊರಿಯರ್ ಖರ್ಚು ಬೇರೆ. ಕೆಲವು ತಿಂಗಳಾದ ಮೇಲೆ ಅವರೇ ಎಸೆದುಬಿಡುತ್ತಾರೆ” ಎಂದ. ಅವನ ಗೆಳೆಯರು ಅನೇಕರು ಮಾಡುವುದೂ ಹೀಗೆಯೇ ಅಂತೆ.

ಆ ದಿನ ಫೋನಿನಲ್ಲಿ ನಾನು ಏನೂ ಹೇಳಲಿಲ್ಲ. ಹೇಳಬೇಕಾದುದನ್ನು ಇಲ್ಲಿ ಹೇಳುತ್ತೇನೆ. ಜಮೀನಿನ ಮೂಲಪತ್ರವನ್ನು ಅಂಗಡಿಯಲ್ಲೇ ಬಿಟ್ಟು, ಅದರ ಜೆರಾಕ್ಸ್ ಪ್ರತಿಯನ್ನು ಮನೆಗೆ ತಂದು ಕಬ್ಬಿಣದ ಪೆಟ್ಟಿಗೆಯಲ್ಲಿ ಭದ್ರವಾಗಿಡುವವನನ್ನು ನಾವು ಏನೆಂದು ಕರೆಯುತ್ತೇವೆ? ನೆಗೆಟಿವನ್ನು ಬಿಟ್ಟು ಸ್ಕ್ಯಾನ್ ತರುವವನಿಗೂ ಅದೇ ಹೆಸರು ಸಲ್ಲುತ್ತದೆ.

ತಪ್ಪು ತಿಳಿಯಬೇಡಿ. ಫಿಲ್ಮಿಗೆ ಮರಳುವುದನ್ನು ನಾನು ಹೀಯಾಳಿಸುತ್ತಿಲ್ಲ. ಹೀಯಾಳಿಸುವವರು ಬೇರೆ ಇದ್ದಾರೆ. “ಕಪ್ಪುಬಿಳುಪಿನ ಒಂದು ರೋಲಿಗೆ ಸಾವಿರ ರೂಪಾಯಿಯ ಆಸುಪಾಸು ತೆತ್ತು ಹನ್ನೆರಡು ಚಿತ್ರ ತೆಗೆಯುವುದು ಹಣ ಹೆಚ್ಚಾದವರ ಹುಚ್ಚು” ಎನ್ನುವ ಬಂಧುಗಳು ನನ್ನ ಮನೆಯಲ್ಲೇ ಇದ್ದಾರೆ. ಅವರಿಗೆ ನನ್ನ ಉತ್ತರ ಲೆಕ್ಕದ ಉತ್ತರ. ಮೀಡಿಯಂ ಫಾರ್ಮ್ಯಾಟ್ ಕ್ಯಾಮೆರಾಗಳು ಬಳಸುವ 120 ಎಂಬ ಫಿಲ್ಮು 1901ರಲ್ಲಿ ಬಂದದ್ದು. ಒಂದೇಕಾಲು ಶತಮಾನವಾದರೂ ಇನ್ನೂ ತಯಾರಾಗುತ್ತಿದೆ. ಯಾಷಿಕಾದಂಥ ಕ್ಯಾಮೆರಾದಲ್ಲಿ ಅದರ ಒಂದು ಚೌಕ ಸುಮಾರು 56 ಮಿ.ಮೀ. ಉದ್ದ, ಅಷ್ಟೇ ಅಗಲ. ನಾವೆಲ್ಲ ಬಳಸುತ್ತಿದ್ದ ಸಾಮಾನ್ಯ 35 ಮಿ.ಮೀ. ಫಿಲ್ಮಿನ ಚೌಕಟ್ಟು 36 × 24 ಮಿ.ಮೀ. ಗುಣಿಸಿ ನೋಡಿ: 3,136 ಚದರ ಮಿ.ಮೀ. ಎಲ್ಲಿ, 864 ಎಲ್ಲಿ! ಮೂರೂವರೆ ಪಟ್ಟಿಗಿಂತ ಹೆಚ್ಚು. ಇಂದು ಮೀಡಿಯಂ ಫಾರ್ಮ್ಯಾಟ್ ಎಂಬ ಹೆಸರಿನಲ್ಲೇ ಲಕ್ಷಾಂತರ ರೂಪಾಯಿಗೆ ಮಾರಾಟವಾಗುವ ಅನೇಕ ಡಿಜಿಟಲ್ ಕ್ಯಾಮೆರಾಗಳ ಸಂವೇದಕ 44 × 33 ಮಿ.ಮೀ. ಮಾತ್ರ, ಹಳೆಯ ಯಾಷಿಕಾದ ಚೌಕದ ಅರ್ಧಕ್ಕಿಂತಲೂ ಕಡಿಮೆ. ಇದು ಹುಚ್ಚಲ್ಲ, ವಿಸ್ತೀರ್ಣ.

ಇನ್ನು ಇನ್ನೊಂದು ಪಕ್ಷದವರು: ಫಿಲ್ಮೇ ಸತ್ಯ, ಡಿಜಿಟಲ್ ಮಿಥ್ಯೆ ಎನ್ನುವ ಹೊಸ ಭಕ್ತರು. ಇವರ ಮಾತನ್ನೂ ನಾನು ಒಪ್ಪುವುದಿಲ್ಲ. ಮಂದ ಬೆಳಕಿನಲ್ಲಿ, ಹಾರುವ ಹಕ್ಕಿಯ ಮುಂದೆ, ಮದುವೆಯ ಮಂಟಪದಲ್ಲಿ ಇಂದಿನ ಡಿಜಿಟಲ್ ಕ್ಯಾಮೆರಾ ಮಾಡುವ ಕೆಲಸವನ್ನು ಯಾವ ಫಿಲ್ಮೂ ಮಾಡಲಾರದು. ಫಿಲ್ಮಿನ ಹಿರಿಮೆ ಅದರ ‘ಭಾವ’ದಲ್ಲಿಲ್ಲ, ಅಂಥ ಭಾವವನ್ನು ಮೊಬೈಲಿನ ಒಂದು ಗುಂಡಿಯೂ ಕೊಡುತ್ತದೆ. ಬೆಳಕು ಸ್ವತಃ ಬಂದು ಬೆಳ್ಳಿಯ ಲವಣದ ಮೇಲೆ ಗುರುತು ಮಾಡಿಹೋದ ಒಂದು ವಸ್ತು ನಿಮ್ಮ ಕೈಯಲ್ಲಿ ಉಳಿಯುತ್ತದೆಯಲ್ಲ, ಹಿರಿಮೆ ಇರುವುದು ಅದರಲ್ಲಿ. ಆ ವಸ್ತುವನ್ನೇ ಕಸದ ಬುಟ್ಟಿಗೆ ಬಿಟ್ಟುಬಂದ ಮೇಲೆ ನೀವು ತಂದದ್ದು ದುಬಾರಿಯಾದ, ನಿಧಾನವಾದ ಡಿಜಿಟಲ್ ಚಿತ್ರವೇ ಹೊರತು ಬೇರೇನೂ ಅಲ್ಲ.

ನೆಗೆಟಿವ್ ಏಕೆ ಬೇಕು ಎಂಬುದನ್ನು ನಾನು ಪುಸ್ತಕದಿಂದ ಕಲಿಯಲಿಲ್ಲ. 1988ರಲ್ಲಿ ನಮ್ಮ ಶಾಲೆಯ ಎಸ್.ಎಸ್.ಎಲ್.ಸಿ. ತರಗತಿಯ ಗ್ರೂಪ್ ಫೋಟೋ ತೆಗೆದದ್ದು ಪೇಟೆಯ ಸ್ಟುಡಿಯೋದ ಯಜಮಾನರು, ಇಂಥದೇ ಒಂದು ಕ್ಯಾಮೆರಾದಲ್ಲಿ. ಮೂರು ಸಾಲಿನಲ್ಲಿ ನಲವತ್ತಕ್ಕೂ ಹೆಚ್ಚು ಮಕ್ಕಳು. ಹಿಂದಿನ ಸಾಲಿನ ಕೊನೆಯಲ್ಲಿ ನಿಂತಿದ್ದ ಹುಡುಗನೊಬ್ಬ ಎರಡು ವರ್ಷದ ನಂತರ ಮಳೆಗಾಲದ ಹೊಳೆಯಲ್ಲಿ ತೀರಿಕೊಂಡ. ಅವನ ತಾಯಿ ನನ್ನ ಬಳಿ ಬಂದರು. ಮನೆಯಲ್ಲಿ ಮಗನ ಒಂದು ಫೋಟೋವೂ ಇರಲಿಲ್ಲ. ಗ್ರೂಪ್ ಫೋಟೋದ ಪ್ರತಿಯನ್ನು ಕೊಳ್ಳಲು ಅಂದು ಅವರ ಕೈಯಲ್ಲಿ ಹಣವಿರಲಿಲ್ಲ.

ನಾನು ಅವರನ್ನು ಸ್ಟುಡಿಯೋಗೆ ಕರೆದುಕೊಂಡು ಹೋದೆ. ಯಜಮಾನರು ದಪ್ಪ ರಿಜಿಸ್ಟರು ತೆರೆದು, ಸಂಖ್ಯೆ ಹುಡುಕಿ, ಕಪಾಟಿನಿಂದ ಬೆಣ್ಣೆಕಾಗದದ ಒಂದು ಲಕೋಟೆಯನ್ನು ಹೊರತೆಗೆದರು. ಕತ್ತಲಕೋಣೆಗೆ ನನ್ನನ್ನೂ ಕರೆದರು. ನೆಗೆಟಿವಿನಲ್ಲಿ ಆ ಮುಖ ಸಾಸಿವೆ ಕಾಳಿನಷ್ಟಿತ್ತು. ಎನ್‌ಲಾರ್ಜರನ್ನು ಅದರ ತುದಿಯವರೆಗೆ ಏರಿಸಿ, ಆ ಒಂದು ಮುಖದ ಮೇಲಷ್ಟೇ ಕಾಗದವನ್ನಿಟ್ಟು ಬೆಳಕು ಕೊಟ್ಟರು. ಕೆಂಪು ದೀಪದ ಕೆಳಗೆ, ಡೆವಲಪರ್ ದ್ರಾವಣದ ತಟ್ಟೆಯಲ್ಲಿ, ಮೊದಲು ತಲೆಗೂದಲು, ಆಮೇಲೆ ಕಣ್ಣು, ಕೊನೆಗೆ ಆ ಹುಡುಗ ಮೂಡಿಬಂದ. ಸ್ವಲ್ಪ ಮಸುಕಾಗಿದ್ದ, ಆದರೆ ಅವನೇ. 35 ಮಿ.ಮೀ. ಫಿಲ್ಮಿನಲ್ಲಾಗಿದ್ದರೆ ಇದು ಆಗುತ್ತಿರಲಿಲ್ಲ ಮೇಷ್ಟ್ರೇ ಎಂದರು ಯಜಮಾನರು. ಹಣ ತೆಗೆದುಕೊಳ್ಳಲಿಲ್ಲ.

ಯೋಚಿಸಿ. ಫೋಟೋ ತೆಗೆದ ದಿನ ಆ ಒಂದು ಮುಖ ಬೇಕಾಗುತ್ತದೆಂದು ಯಾರಿಗೂ ತಿಳಿದಿರಲಿಲ್ಲ. ಅಂದು ತಯಾರಾದ ಪ್ರತಿಗಳಲ್ಲಿ ಅದು ಒಂದು ಚುಕ್ಕೆ ಮಾತ್ರ. ಅವುಗಳಲ್ಲಿ ಕಾಣದಿದ್ದುದು ನೆಗೆಟಿವಿನಲ್ಲಿ ಸುಮ್ಮನೆ ಕಾದಿತ್ತು. ಇಂದಿನ ಲ್ಯಾಬಿನವರು ಕಳಿಸುವ ಸ್ಕ್ಯಾನೂ ಹಾಗೆಯೇ: ಗಡಿಬಿಡಿಯಲ್ಲಿರುವ ಒಬ್ಬ ನೌಕರ, ಒಂದು ಯಂತ್ರದಲ್ಲಿ, ಒಂದು ಸಲ ಮಾಡಿದ ವಾಚನ. ಮೂಲಗ್ರಂಥ ಕೈಯಲ್ಲಿದ್ದರೆ ನಾಳೆ ಇನ್ನೊಬ್ಬ, ಇದಕ್ಕಿಂತ ಒಳ್ಳೆಯ ಯಂತ್ರದಲ್ಲಿ, ಇದಕ್ಕಿಂತ ಚೆನ್ನಾಗಿ ಓದಿಯಾನು. ಗ್ರಂಥವನ್ನೇ ಸುಟ್ಟರೆ ಆ ಮೊದಲ ವಾಚನದ ತಪ್ಪುಗಳೇ ಶಾಶ್ವತ.

ಡಿಜಿಟಲ್ ಬಂಧುಗಳೇ, ನೀವೂ ನಗಬೇಡಿ. ಮೊಮ್ಮಗಳ ನಾಮಕರಣದ ಚಿತ್ರವನ್ನು ವಾಟ್ಸ್‌ಆ್ಯಪಿನಲ್ಲಿ ಕಳಿಸಿ, ಜಾಗವಿಲ್ಲವೆಂದು ಕ್ಯಾಮೆರಾದ ಮೂಲ ಕಡತವನ್ನು ಅಳಿಸುತ್ತೀರಲ್ಲ, ಆ ಕಳಿಸಿದ ಚಿತ್ರ ದಾರಿಯಲ್ಲಿ ಕುಗ್ಗಿರುತ್ತದೆ. ನೀವು ಮಾಡಿದ್ದೂ ಅದೇ ಕೆಲಸ.

ನೆಗೆಟಿವ್ ಇಟ್ಟುಕೊಳ್ಳುವುದು ಕಷ್ಟ ಎನ್ನುವವರ ಮಾತಿನಲ್ಲಿ ಸತ್ಯವಿದೆ. ಫಿಲ್ಮಿನ ಮೇಲಿನ ಲೇಪ ಜೆಲಟಿನ್. ನಮ್ಮ ಮಲೆನಾಡಿನ ಮಳೆಗಾಲದ ಬೂಷ್ಟಿಗೆ ಅದು ಹಬ್ಬದೂಟ. ಅಸಿಟೇಟ್ ಹಾಳೆಯ ಫಿಲ್ಮು ಸೆಕೆ ಮತ್ತು ತೇವದಲ್ಲಿ ಕೊಳೆಯತೊಡಗಿದರೆ ವಿನಿಗರಿನ ಹುಳಿವಾಸನೆ ಬರುತ್ತದೆ. ಉಳಿದ ಬೆಳ್ಳಿಯ ಲವಣವನ್ನು ಕರಗಿಸುವ ಹೈಪೋ ದ್ರಾವಣವನ್ನು (ಅದರ ಈ ಗುಣವನ್ನು 1819ರಲ್ಲಿ ಕಂಡವನು ಜಾನ್ ಹರ್ಷೆಲ್) ಚೆನ್ನಾಗಿ ತೊಳೆಯದೆ ಬಿಟ್ಟರೆ ವರ್ಷಗಳ ಮೇಲೆ ಚಿತ್ರಕ್ಕೆ ಕಲೆ ಹಿಡಿಯುತ್ತದೆ. ಬಣ್ಣದ ಫಿಲ್ಮಿನ ವರ್ಣಗಳು ಮಾಸುತ್ತವೆ. ಕಪ್ಪುಬಿಳುಪಿನ ಬೆಳ್ಳಿ ಅದಕ್ಕಿಂತ ಬಹುಕಾಲ ಬಾಳುತ್ತದೆ. ಆದ್ದರಿಂದ ಫಿಲ್ಮ್ ತಾನಾಗಿಯೇ ಉಳಿಯುತ್ತದೆಂದು ನಾನು ಹೇಳಲಾರೆ. ಉಳಿಸುವವನಿದ್ದರೆ ಉಳಿಯುತ್ತದೆ. ಅದಕ್ಕೆ ಬೇಕಾದುದು ತೀರಾ ಸಣ್ಣ ಶಿಸ್ತು: ನೆಗೆಟಿವನ್ನು ಅಂಚಿನಲ್ಲಿ ಹಿಡಿಯಿರಿ, ಒಳ್ಳೆಯ ಲಕೋಟೆಯಲ್ಲಿಡಿ, ಲಕೋಟೆಯ ಮೇಲೆ ಪೆನ್ಸಿಲಿನಲ್ಲಿ ದಿನಾಂಕ, ಊರು, ಚಿತ್ರದಲ್ಲಿರುವವರ ಹೆಸರು ಬರೆಯಿರಿ. ಅಟ್ಟದಲ್ಲಿಡದೆ ಒಣಗಿದ ಜಾಗದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಮುಚ್ಚಿಡಿ. ಸಾವಿರ ರೂಪಾಯಿಯ ರೋಲನ್ನು ಕೊಳ್ಳಬಲ್ಲವನಿಗೆ ಕೊರಿಯರ್ ಖರ್ಚು ಹೊರೆಯಾಗುತ್ತದೆಂದರೆ ನಾನು ನಂಬಲಾರೆ.

ಇಷ್ಟು ಕಟುವಾಗಿ ಬರೆಯಲು ನನಗೇನು ಅಧಿಕಾರ ಎಂದು ನೀವು ಕೇಳಬಹುದು. ನನಗಿರುವುದು ತಪ್ಪು ಮಾಡಿದವನ ಅಧಿಕಾರ. ಫಿಲ್ಮಿನ ಕಾಲ ಮುಗಿಯುತ್ತಿತ್ತು. ನೆರೆಯ ಊಟಿಯಲ್ಲಿ 1960ರಲ್ಲಿ ಸ್ಥಾಪನೆಯಾಗಿ ‘ಇಂದು’ ಎಂಬ ಹೆಸರಿನ ಫಿಲ್ಮ್ ತಯಾರಿಸುತ್ತಿದ್ದ ಸರ್ಕಾರಿ ಕಾರ್ಖಾನೆಯೇ ಸೊರಗಿ ಕೊನೆಗೆ ಮುಚ್ಚಿಹೋಯಿತು. ನಮ್ಮ ಪೇಟೆಯ ಸ್ಟುಡಿಯೋ ಉಳಿದೀತೇ? 2009ರಲ್ಲಿ ಅದು ಬಾಗಿಲು ಹಾಕಿದಾಗ ಲಗೇಜ್ ಆಟೋವೊಂದಕ್ಕೆ ಗೋಣಿಚೀಲಗಳನ್ನು ತುಂಬುತ್ತಿದ್ದರು. ನಾನು ಅಲ್ಲೇ ಹಾದುಹೋಗುತ್ತಿದ್ದೆ. “ಎಲ್ಲ ಹಳೆ ನೆಗೆಟಿವ್ ಮೇಷ್ಟ್ರೇ, ಗುಜರಿಗೆ. ನಿಮ್ಮ ಶಾಲೆಯದೂ ಇವೆ, ಬೇಕಾದರೆ ತಗೊಂಡುಹೋಗಿ” ಎಂದರು ಯಜಮಾನರು. ಆ ವರ್ಷವಷ್ಟೇ ನಾನೊಂದು ಡಿಜಿಟಲ್ ಕ್ಯಾಮೆರಾ ಕೊಂಡಿದ್ದೆ. ಇನ್ನು ಇವೆಲ್ಲ ಯಾರಿಗೆ ಬೇಕು ಎಂಬ ಗರ್ವ. ಮನೆಯಲ್ಲಿ ಜಾಗವಿಲ್ಲ ಎಂದು ಹೇಳಿ ನಡೆದುಬಿಟ್ಟೆ. ಒಂದು ಊರಿನ ಮೂವತ್ತು ವರ್ಷಗಳ ಮುಖಗಳು ಕಿಲೋ ಲೆಕ್ಕದಲ್ಲಿ ಹೋದವು.

ಕಳೆದ ವರ್ಷ ಆ ತಾಯಿ ಮತ್ತೆ ಬಂದಿದ್ದರು. ಈಗ ತೀರಾ ವಯಸ್ಸಾಗಿದೆ. ಗೋಡೆಯ ಪಟಕ್ಕೆ ಗೆದ್ದಲು ಹಿಡಿದು ಮುಖದ ಅರ್ಧ ಹೋಗಿತ್ತು. “ಅವತ್ತಿನ ಹಾಗೆ ಇನ್ನೊಂದು ಮಾಡಿಸಿಕೊಡಿ ಮೇಷ್ಟ್ರೇ” ಎಂದರು. ಉಳಿದ ಅರ್ಧವನ್ನು ಮೊಬೈಲಿನಲ್ಲಿ ತೆಗೆದುಕೊಟ್ಟೆ. ಅವರಿಗೆ ನಾನು ಗೋಣಿಚೀಲದ ಕಥೆಯನ್ನು ಹೇಳಲಿಲ್ಲ. ನಿಮಗೆ ಹೇಳುತ್ತಿದ್ದೇನೆ.

ಆದ್ದರಿಂದ ಮಕ್ಕಳೇ, ಫಿಲ್ಮಿಗೆ ಹೋಗುವುದಾದರೆ ಪೂರ್ತಿ ಹೋಗಿ. ಹನ್ನೆರಡೇ ಚಿತ್ರ ತೆಗೆಯಿರಿ, ಆದರೆ ಹನ್ನೆರಡಕ್ಕೂ ವಾರಸುದಾರರಾಗಿರಿ. ಅದು ಆಗದಿದ್ದರೆ ಮೊಬೈಲೇ ಸಾಕು, ಅದರಲ್ಲಿ ಅವಮಾನವಿಲ್ಲ. ಅರ್ಧ ದಾರಿಯಲ್ಲಿ ನಿಂತು ಕೊರಳಿಗೆ ಯಾಷಿಕಾ ನೇತುಹಾಕಿಕೊಳ್ಳುವುದು ಮಾತ್ರ ಬೇಡ.

ತುಳಸಿಕಟ್ಟೆಯ ಬಳಿ ತೆಗೆದ ನಮ್ಮಿಬ್ಬರ ನೆಗೆಟಿವ್ ಇನ್ನೂ ಬಂದಿಲ್ಲ. ಪ್ರತಿ ಭಾನುವಾರ ಅವನಿಗೆ ಕರೆ ಮಾಡಿ ಕೇಳುತ್ತಿದ್ದೇನೆ. ಮನೆಗೆಲಸ ಮಾಡದೆ ತಪ್ಪಿಸಿಕೊಳ್ಳುವ ಹುಡುಗರನ್ನು ಬಿಟ್ಟ ಅಭ್ಯಾಸ ನನಗೆ ಹಿಂದೆಯೂ ಇರಲಿಲ್ಲ, ಅವನಿಗೂ ಅದು ಗೊತ್ತು.