ಹೆಸರಿನ ಕಾಲೇಜೋ, ಸ್ಕಾಲರ್‌ಶಿಪ್ಪಿನ ಸೀಟೋ?

ಮೇ ತಿಂಗಳಲ್ಲಿ ಹನ್ನೆರಡನೇ ತರಗತಿಯ ಫಲಿತಾಂಶ ಬಂತೆಂದರೆ ನಿಜ್ವಾದ ಕನ್ನಡದ ಮನೆಗಳಲ್ಲಿ ಒಂದೇ ಮಾತು. ಒಂದು ಕಡೆ ದೊಡ್ಡ ಹೆಸರಿನ ಕಾಲೇಜು, ಫೀಸು ಮಾತ್ರ ವಿಪರೀತ. ಇನ್ನೊಂದು ಕಡೆ ಫೀಸು ಮಾಫಿ, ಆದರೆ ಆ ಕಾಲೇಜಿನ ಹೆಸರನ್ನು ಜಿಲ್ಲೆಯ ಆಚೆ ಯಾರೂ ಕೇಳಿಲ್ಲ. ಏನು ಮಾಡುವುದು? ಆಸ್ಪತ್ರೆಯ ಫಾರ್ಮಸಿ ಕೌಂಟರಿನಲ್ಲಿ ನಿಂತ ನಮ್ಮನ್ನೂ ಜನ ಇದನ್ನು ಕೇಳುತ್ತಾರೆ. ಮಾತ್ರೆ ಕೊಡುವವರಿಗೆ ಎಲ್ಲ ಗೊತ್ತಿರುತ್ತದೆ ಎಂಬ ನಂಬಿಕೆ ನಮ್ಮವರಲ್ಲಿ ಇನ್ನೂ ಉಳಿದಿದೆ, ಸಂತೋಷ.

ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇವೆ. ಕಾಲೇಜಿಗೆ ಮಾನ್ಯತೆ ಇದ್ದರೆ, ಸ್ಕಾಲರ್‌ಶಿಪ್ಪಿನ ಷರತ್ತು ಮಗುವಿನ ಕೈಗೆಟಕುವಂತಿದ್ದರೆ, ನಮ್ಮಂಥ ಸಂಬಳದವರು ಸ್ಕಾಲರ್‌ಶಿಪ್ಪನ್ನೇ ಹಿಡಿಯಬೇಕು. ಇದು ಕಂಜೂಸಿಯ ಮಾತಲ್ಲ.

ಗಲ್ಫಿಗೆ ಬಂದ ಆರೋಗ್ಯ ಕ್ಷೇತ್ರದವರೆಲ್ಲರಿಗೂ ಡಾಟಾಫ್ಲೋ ಗೊತ್ತು. ನಮ್ಮ ಸರ್ಟಿಫಿಕೇಟು ಅಸಲಿಯೇ, ಅದನ್ನು ಕೊಟ್ಟ ಸಂಸ್ಥೆ ನಿಜವೇ, ಫಾರ್ಮಸಿ ಕೌನ್ಸಿಲಿನಲ್ಲಿ ನೋಂದಣಿ ಇದೆಯೇ ಎಂದು ಮೂಲದಲ್ಲೇ ವಿಚಾರಿಸುತ್ತಾರೆ. ಕಾಲೇಜಿನ ಗೇಟು ಎಷ್ಟು ದೊಡ್ಡದು ಎಂದು ಯಾರೂ ಕೇಳುವುದಿಲ್ಲ. ನಾವು ಡಿಪ್ಲೊಮಾ ಓದಿ ಬಂದವರು. ಇಲ್ಲಿ ನಮ್ಮ ಲೈಸೆನ್ಸಿನ ದರ್ಜೆ, ಸಂಬಳದ ಮಿತಿ, ಬಡ್ತಿ ಎಲ್ಲವನ್ನೂ ನಿರ್ಧರಿಸಿದ್ದು ಸರ್ಟಿಫಿಕೇಟಿನಲ್ಲಿರುವ ‘ಡಿಪ್ಲೊಮಾ’ ಎಂಬ ಒಂದು ಪದ. ಸಣ್ಣ ಊರಿನ ಕಾಲೇಜಿನಲ್ಲಿ ನಾಲ್ಕು ವರ್ಷದ ಬಿ.ಫಾರ್ಮಾ ಮುಗಿಸಿದವರು, 2008ರಲ್ಲಿ ಶುರುವಾದ ಆರು ವರ್ಷದ ಫಾರ್ಮ್.ಡಿ ಓದಿದವರು ನಮಗಿಂತ ಮೇಲಿನ ದರ್ಜೆಯಲ್ಲಿರುತ್ತಾರೆ, ಅದು ನ್ಯಾಯವೂ ಹೌದು. ಹಾಗಾಗಿ ಕೈಯಲ್ಲಿರುವ ದುಡ್ಡನ್ನು ದೊಡ್ಡ ಹೆಸರಿಗೆ ಸುರಿಯುವ ಬದಲು ಮಗು ಇನ್ನೆರಡು ವರ್ಷ ಹೆಚ್ಚು ಓದುವುದಕ್ಕೆ ಇಟ್ಟುಕೊಳ್ಳುವುದು ಮೇಲು ಎನ್ನುತ್ತೇವೆ.

ನಮ್ಮ ಕೆಲಸದ ಭಾಷೆಯಲ್ಲೇ ಹೇಳುವುದಾದರೆ ಇದು ಬ್ರಾಂಡ್ ಮತ್ತು ಜೆನೆರಿಕ್ ಔಷಧದ ಹಾಗೆ. ಮೆಟ್‌ಫಾರ್ಮಿನ್ ಯಾವ ಕಂಪನಿಯದಾದರೂ ಮೆಟ್‌ಫಾರ್ಮಿನ್ನೇ. ಪೆಟ್ಟಿಗೆಯ ಬಣ್ಣಕ್ಕೆ ದುಡ್ಡು ಕೊಡಬೇಕಾಗಿಲ್ಲ. ಆದರೆ ವಾರ್ಫರಿನ್, ಫೆನಿಟಾಯಿನ್, ಥೈರಾಯ್ಡ್ ಮಾತ್ರೆ ಇಂಥವುಗಳಲ್ಲಿ ವೈದ್ಯರಿಗೆ ತಿಳಿಸದೆ ಬ್ರಾಂಡ್ ಬದಲಿಸಲು ನಾವು ಹೋಗುವುದಿಲ್ಲ, ಅಲ್ಲಿ ಸಣ್ಣ ವ್ಯತ್ಯಾಸವೂ ದೊಡ್ಡದು. ಓದಿನಲ್ಲೂ ಹಾಗೆಯೇ. ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆ, ಐಐಟಿ, ಐಐಎಂ, ನಮ್ಮ ಭಾರತೀಯ ವಿಜ್ಞಾನ ಸಂಸ್ಥೆ, ಇವುಗಳ ಹೆಸರು ಬರೀ ಅಲಂಕಾರವಲ್ಲ. ಕೆಲಸ ಕೊಡುವವರು ಅಲ್ಲಿಯೇ ಬಾಗಿಲಿಗೆ ಬರುತ್ತಾರೆ, ಜೊತೆಗೆ ಓದಿದವರು ಮುಂದೆ ಕೈಹಿಡಿಯುತ್ತಾರೆ. ಅಂಥ ಕಡೆ ಸೀಟು ಸಿಕ್ಕರೆ ಸಾಲ ಮಾಡಿಯಾದರೂ ಕಳಿಸಿ. ನರ್ಸಿಂಗ್, ಫಾರ್ಮಸಿ, ಲ್ಯಾಬ್ ಟೆಕ್ನಾಲಜಿ, ಬಿ.ಕಾಂ., ಸಾಮಾನ್ಯ ಎಂಜಿನಿಯರಿಂಗ್‌ಗೆ ಆ ಲೆಕ್ಕ ಹಾಕಬೇಡಿ.

ಈಗ ನಿಜವಾದ ತೊಡಕಿಗೆ ಬರೋಣ. ನಾವೆಲ್ಲ ಹನ್ನೆರಡನೇ ತರಗತಿಯ ನಂತರ ತಲೆ ಕೆಡಿಸಿಕೊಳ್ಳುತ್ತೇವೆ. ಆದರೆ ಕಡಿಮೆ ಖರ್ಚಿನ ಸೀಟಿನ ಬಾಗಿಲು ಯಾವುದು ಎಂಬುದು ಹತ್ತನೇ ತರಗತಿ ಮುಗಿದಾಗಲೇ ತೀರ್ಮಾನವಾಗಿರುತ್ತದೆ. ಇದು ಎಷ್ಟೋ ಮಂದಿಗೆ ಗೊತ್ತಾಗುವುದು ತಡವಾಗಿ.

ಒಂದು ಬಾಗಿಲು ಕರ್ನಾಟಕದ ಸಿಇಟಿ. ಮಗು ಅಲ್ಲಿ ಏಳು ವರ್ಷ ಓದಿಲ್ಲದಿದ್ದರೂ, 11 ಮತ್ತು 12ನೇ ತರಗತಿಯನ್ನು ಕರ್ನಾಟಕದಲ್ಲೇ ಓದಿ ಪಾಸಾಗಿದ್ದು, ತಂದೆ ಅಥವಾ ತಾಯಿ ಕರ್ನಾಟಕದಲ್ಲಿ ಕನಿಷ್ಠ 7 ವರ್ಷ ಓದಿದ್ದರೆ ಸರಕಾರಿ ಸೀಟಿಗೆ ಅರ್ಹತೆ ಸಿಗುವ ನಿಯಮವಿದೆ. ಅದಕ್ಕೆ ನಮ್ಮದೇ ಹಳೆಯ ಶಾಲೆಗೆ ಹೋಗಿ ವ್ಯಾಸಂಗ ಪ್ರಮಾಣ ಪತ್ರ ಬರೆಸಿ, ಬಿಇಓ ಸಹಿ ಹಾಕಿಸಬೇಕು. ಮೂವತ್ತು ವರ್ಷದ ಹಿಂದಿನ ರಿಜಿಸ್ಟರು ಹುಡುಕಿಸುವ ಈ ಕೆಲಸವನ್ನು ಮೂವತ್ತು ದಿನದ ರಜೆಯಲ್ಲಿ ಮಾಡಿ ಮುಗಿಸಿದವರಿಗೆ ಸಂಘ ಸನ್ಮಾನ ಮಾಡಬೇಕು.

ಇನ್ನೊಂದು ಬಾಗಿಲು ಡಾಸಾ, ಅಂದರೆ ವಿದೇಶದಲ್ಲಿ ಓದಿದ ಮಕ್ಕಳಿಗೆ ಎನ್‌ಐಟಿ ಮುಂತಾದ ಕಡೆ ನೇರ ಪ್ರವೇಶ. ಇದರೊಳಗೆ ಗಲ್ಫಿನ ಭಾರತೀಯ ಕೆಲಸಗಾರರ ಮಕ್ಕಳಿಗೆಂದೇ ಸಿಐಡಬ್ಲ್ಯೂಜಿ ಎಂಬ ವಿಭಾಗವಿದೆ. ಸುರತ್ಕಲ್ಲಿನ ಎನ್‌ಐಟಿಯೂ ಇದರಲ್ಲಿ ಸೇರಿದೆ. ಸಾಮಾನ್ಯ ಡಾಸಾ ವಿದ್ಯಾರ್ಥಿ ವರ್ಷಕ್ಕೆ 8000 ಡಾಲರ್ ಬೋಧನಾ ಶುಲ್ಕ ಕಟ್ಟಿದರೆ, ನಮ್ಮ ಮಕ್ಕಳು ಈ ವಿಭಾಗದಲ್ಲಿ ಭಾರತದಲ್ಲಿರುವ ಮಕ್ಕಳಷ್ಟೇ, ಅಂದರೆ ವರ್ಷಕ್ಕೆ ಸುಮಾರು 1.25 ಲಕ್ಷ ರೂಪಾಯಿ ಕಟ್ಟುತ್ತಾರೆ. ಮೂರು ಸಾವಿರ ರಿಯಾಲ್ ಎಲ್ಲಿ, ಆರುನೂರು ರಿಯಾಲಿನೊಳಗೆ ಮುಗಿಯುವುದು ಎಲ್ಲಿ! ಹೆಸರೂ ಉಂಟು, ರಿಯಾಯಿತಿಯೂ ಉಂಟು. ಆದರೆ ಜೆಇಇ ಮೇನ್ ಬರೆದಿರಬೇಕು, 11 ಮತ್ತು 12ನ್ನು ವಿದೇಶದಲ್ಲೇ ಓದಿ ಪಾಸಾಗಿರಬೇಕು.

ಗಮನಿಸಿದಿರಾ? ಒಂದಕ್ಕೆ ಆ ಎರಡು ವರ್ಷ ಕರ್ನಾಟಕದಲ್ಲಿರಬೇಕು, ಇನ್ನೊಂದಕ್ಕೆ ಇಲ್ಲಿರಬೇಕು. ಎರಡೂ ಬಾಗಿಲು ಒಟ್ಟಿಗೆ ತೆರೆಯುವುದಿಲ್ಲ. ‘ಇಲ್ಲಿನ ಇಂಡಿಯನ್ ಸ್ಕೂಲಿನಲ್ಲೇ ಹನ್ನೆರಡು ಮುಗಿಸಲಿ, ಆಮೇಲೆ ಊರಲ್ಲಿ ಸರಕಾರಿ ಸೀಟು ನೋಡೋಣ’ ಎಂದು ಕೂತವರಿಗೆ ಆಮೇಲೆ ಉಳಿಯುವುದು ಹೆಚ್ಚಾಗಿ ಎನ್‌ಆರ್‌ಐ ಕೋಟಾ ಅಥವಾ ಡೀಮ್ಡ್ ವಿಶ್ವವಿದ್ಯಾಲಯ. 2005ರ ಇನಾಮ್ದಾರ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಶೇ. 15ರವರೆಗೆ ಎನ್‌ಆರ್‌ಐ ಸೀಟಿಗೆ ಒಪ್ಪಿಗೆ ಕೊಟ್ಟಿತು. ಕಾಗದದ ಮೇಲೆ ದುಬೈಯಲ್ಲಿ ಕಂಪನಿ ನಡೆಸುವವರೂ ಎನ್‌ಆರ್‌ಐ, ಬಹ್ಲಾದಲ್ಲಿ ಎಸಿ ರಿಪೇರಿ ಮಾಡುವವರೂ ಎನ್‌ಆರ್‌ಐ. ಫೀಸಿನ ಚೀಟಿ ಇಬ್ಬರಿಗೂ ಒಂದೇ.

ವಿದೇಶಾಂಗ ಸಚಿವಾಲಯದ್ದೇ ಒಂದು ಸ್ಕಾಲರ್‌ಶಿಪ್ ಇದೆ. 2006-07ರಲ್ಲಿ ಶುರುವಾದ, ವಲಸಿಗ ಭಾರತೀಯರ ಮಕ್ಕಳ ಯೋಜನೆ. ವರ್ಷಕ್ಕೆ 150 ಮಂದಿಗೆ, ಒಬ್ಬರಿಗೆ 4000 ಡಾಲರ್‌ವರೆಗೆ. ಅದರಲ್ಲಿ 50 ಸೀಟು ಎಮಿಗ್ರೇಷನ್ ಕ್ಲಿಯರೆನ್ಸ್ ಬೇಕಾದ ದೇಶಗಳ ಕೆಲಸಗಾರರ ಮಕ್ಕಳಿಗೆ ಮೀಸಲು. ಒಮಾನ್ ಆ ಪಟ್ಟಿಯಲ್ಲಿದೆ. ನಮ್ಮ ಕಡೆ ಇದರ ಹೆಸರು ಕೇಳಿದವರೇ ಕಡಿಮೆ, ಮಸ್ಕತ್ತಿನ ರಾಯಭಾರ ಕಚೇರಿಯಲ್ಲಿ ವಿಚಾರಿಸಿದವರು ಇನ್ನೂ ಕಡಿಮೆ.

ನಮಗೆ ಪರಿಚಯದ ಒಬ್ಬರಿದ್ದಾರೆ, ವಿಜಯಪುರ ಕಡೆಯವರು, ಇಲ್ಲಿ ವರ್ಕ್‌ಶಾಪಿನಲ್ಲಿ 180 ರಿಯಾಲಿಗೆ ದುಡಿಯುತ್ತಾರೆ. ಮಗಳು ಊರಲ್ಲಿ ಅಜ್ಜಿಯ ಮನೆಯಲ್ಲಿದ್ದು ಪಿಯುಸಿ ಓದಿದಳು. ಅವಳಿಗೂ ಎರಡು ಪತ್ರ ಬಂದವು. ಜಿಲ್ಲಾ ಕೇಂದ್ರದ ಕಾಲೇಜಿನಲ್ಲಿ ಬೋಧನಾ ಶುಲ್ಕ ಪೂರ್ತಿ ಮಾಫಿ. ಬೆಂಗಳೂರಿನ ಹೆಸರುವಾಸಿ ಸಂಸ್ಥೆಯಲ್ಲಿ ಹಾಸ್ಟೆಲ್ ಸೇರಿ ವರ್ಷಕ್ಕೆ ನಾಲ್ಕು ಲಕ್ಷ. ಅಪ್ಪನಿಗೆ ಬೆಂಗಳೂರೇ ಮನಸ್ಸಿನಲ್ಲಿ. ‘ಸರ್, ನಾನಂತೂ ಗ್ರೀಸಿನಾಗ ಕೈ ಇಟ್ಟೀನಿ, ಅಕಿ ಆದ್ರೂ ಛಲೋ ಕಡೆ ಓದ್ಲಿ’ ಎಂದರು. ಈ ಮಾತಿಗೆ ಎದುರಾಡುವುದು ಕಷ್ಟ. ಹೆಸರಿನ ಕಾಲೇಜು ಬೇಕು ಎನ್ನುವುದು ಬರೀ ಜಂಬ ಎಂದು ತಳ್ಳಿಹಾಕುವವರು ಇಂಥ ಅಪ್ಪಂದಿರನ್ನು ನೋಡಿಲ್ಲ.

ಕೌಂಟರಿನ ಹೊರಗೆ ಕೂತು ಲೆಕ್ಕ ಹಾಕಿದೆವು. ನಾಲ್ಕು ಲಕ್ಷವೆಂದರೆ ಅವರ ಹತ್ತು ತಿಂಗಳ ಸಂಬಳ. ಉಳಿದ ಎರಡು ತಿಂಗಳಲ್ಲಿ ಅವರ ಊಟ, ಊರಿನ ಮನೆ, ತಾಯಿಯ ಔಷಧ, ಚಿಕ್ಕ ಮಗನ ಶಾಲೆ. ಸಾಲವೇ ಗತಿ. ಏಳೂವರೆ ಲಕ್ಷ ದಾಟಿದ ಶಿಕ್ಷಣ ಸಾಲಕ್ಕೆ ಬ್ಯಾಂಕು ಸಾಮಾನ್ಯವಾಗಿ ಆಸ್ತಿಯ ಅಡಮಾನ ಕೇಳುತ್ತದೆ. ಇದ್ದದ್ದು ಹತ್ತು ವರ್ಷ ದುಡಿದು ಕಟ್ಟಿದ ಆ ಮನೆ ಒಂದೇ. ಎರಡು ವರ್ಷಕ್ಕೊಮ್ಮೆ ವೀಸಾ ನವೀಕರಣದ ಚಿಂತೆ, ಒಮಾನೀಕರಣದಲ್ಲಿ ಯಾವ ಹುದ್ದೆ ಯಾವಾಗ ಹೋಗುತ್ತದೋ ಹೇಳುವಂತಿಲ್ಲ. ಕೆಲಸ ಹೋದರೂ ಕಂತು ನಿಲ್ಲುವುದಿಲ್ಲ.

ಅಷ್ಟೇ ಮುಖ್ಯವಾದದ್ದು ಸ್ಕಾಲರ್‌ಶಿಪ್ ಪತ್ರದ ಎರಡನೇ ಪುಟ. ಔಷಧದ ಡಬ್ಬಿಯೊಳಗಿನ ಚೀಟಿಯನ್ನು ಓದದೆ ಎಸೆಯುವ ಹಾಗೆ ಇದನ್ನೂ ನಮ್ಮವರು ಓದುವುದಿಲ್ಲ. ಮಾಫಿ ಮೊದಲ ವರ್ಷಕ್ಕೋ, ನಾಲ್ಕು ವರ್ಷಕ್ಕೋ? ಒಂದು ವಿಷಯ ಫೇಲಾದರೆ ಏನು? ಹಾಸ್ಟೆಲು, ಪರೀಕ್ಷಾ ಶುಲ್ಕ ಸೇರಿದೆಯೇ? ನಡುವೆ ಬಿಟ್ಟರೆ ಹಣ ವಾಪಸು ಕಟ್ಟಬೇಕೇ? ಅವರ ಪತ್ರದಲ್ಲಿ ಎಲ್ಲ ಸರಿಯಿತ್ತು, ಯಾವ ವಿಷಯವೂ ಬಾಕಿ ಉಳಿಯಬಾರದು ಎಂಬ ಒಂದು ಷರತ್ತು ಬಿಟ್ಟರೆ. ಅಪ್ಪ ಆ ರಾತ್ರಿ ಮಗಳಿಗೆ ಫೋನು ಮಾಡಿ ತನ್ನ ಸಂಬಳ ಎಷ್ಟೆಂದು ಮೊದಲ ಬಾರಿಗೆ ಹೇಳಿದರು. ಮಗಳು ಜಿಲ್ಲೆಯ ಕಾಲೇಜಿಗೆ ಸೇರಿದಳು, ಈಗ ಮೂರನೇ ವರ್ಷ. ಬೆಂಗಳೂರಿಗೆ ಹೋದ ಗೆಳತಿಯರ ಫೋಟೋ ನೋಡಿದಾಗ ಅವಳಿಗೆ ಬೇಸರವಾಗುತ್ತದಂತೆ. ಆಗದೆ ಇರುತ್ತದೆಯೇ?

ಶುಕ್ರವಾರ ಬೆಳಿಗ್ಗೆ ನಿಜ್ವಾ ಕೋಟೆಯ ಪಕ್ಕದ ಆಡಿನ ಸಂತೆಗೆ ಹೋಗಿ ನೋಡಿ. ಕೊಳ್ಳುವವರು ಆಡಿನ ಬಾಯಿ ತೆರೆಸಿ ಹಲ್ಲು ನೋಡುತ್ತಾರೆ, ಬೆನ್ನು ಒತ್ತಿ ನೋಡುತ್ತಾರೆ. ಹತ್ತು ಲಕ್ಷದ ಕಾಲೇಜಿಗೆ ಸೇರಿಸುವ ಮುನ್ನ ನಾವು ಅಷ್ಟೂ ನೋಡುವುದಿಲ್ಲ, ಬಸ್ಸಿನ ಮೇಲಿನ ಜಾಹೀರಾತು ಸಾಕು.

ಕರ್ನಾಟಕದಲ್ಲಿ ಸ್ಕಾಲರ್‌ಶಿಪ್ ಹಿಡಿದು ಓದುವುದು ಎಂದೂ ಕೀಳಾಗಿರಲಿಲ್ಲ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಮನೆಪಾಠ ಹೇಳಿಕೊಂಡು 1881ರಲ್ಲಿ ಬಿ.ಎ. ಮುಗಿಸಿದ ವಿಶ್ವೇಶ್ವರಯ್ಯನವರು ಪುಣೆಗೆ ಎಂಜಿನಿಯರಿಂಗ್ ಓದಲು ಹೋದದ್ದು ಮೈಸೂರು ಸರಕಾರದ ವಿದ್ಯಾರ್ಥಿವೇತನದಿಂದ. ವಾರಾನ್ನ ಉಂಡು, ಮಠದ ಹಾಸ್ಟೆಲಿನಲ್ಲಿ ಇದ್ದು ಓದಿದವರು ನಮ್ಮ ತಂದೆಯ ತಲೆಮಾರಿನಲ್ಲಿ ಎಷ್ಟು ಮಂದಿ! ಗಲ್ಫಿಗೆ ಬಂದ ಮೇಲೆ ನಮಗೆ ‘ಫ್ರೀ ಸೀಟು’ ಎಂದರೆ ನಾಚಿಕೆ ಯಾಕೆ ಬಂತೋ.

ಸಂಘದವರಲ್ಲಿ ಒಂದು ಕೇಳಿಕೆ. ಪ್ರತಿವರ್ಷ ಹತ್ತನೇ ತರಗತಿಯ ಪರೀಕ್ಷೆಗೆ ಮುಂಚೆ, ಜನವರಿಯ ಒಂದು ಶುಕ್ರವಾರ, ಮಸ್ಕತ್ತಿನಲ್ಲಷ್ಟೇ ಅಲ್ಲದೆ ನಿಜ್ವಾ, ಸೋಹಾರ್, ಸೂರ್, ಸಲಾಲಾಗಳಲ್ಲೂ ಎರಡು ಗಂಟೆಯ ಸಭೆ ಇಡಿ. ಸಿಇಟಿಯಲ್ಲಿ ಹೋದವರು, ಡಾಸಾದಲ್ಲಿ ಹೋದವರು, ಸಾಲ ಮಾಡಿದವರು ಒಬ್ಬೊಬ್ಬರು ಬಂದು ತಮ್ಮ ಲೆಕ್ಕ ಹೇಳಲಿ. ನಿಯಮಗಳು ವರ್ಷ ವರ್ಷ ಬದಲಾಗುವುದರಿಂದ ಆ ವರ್ಷದ ಮಾಹಿತಿ ಪುಸ್ತಿಕೆಯನ್ನು ಕನ್ನಡದಲ್ಲಿ ವಿವರಿಸುವ ಕೆಲಸಕ್ಕೆ ನಾವು ಮೂರ್ನಾಲ್ಕು ಮಂದಿ ಫಾರ್ಮಸಿಯವರು, ನರ್ಸುಗಳು ತಯಾರಿದ್ದೇವೆ. ಡ್ಯೂಟಿ ರೋಸ್ಟರ್ ಮಾತ್ರ ಒಂದು ತಿಂಗಳು ಮೊದಲೇ ತಿಳಿಸಬೇಕು.