ಆಕಾಶದ ಹಲ್ಲಿ

ಗೋಡೆಯ ಮೇಲೆ ಹಲ್ಲಿ ಲೊಚಗುಟ್ಟಿದರೆ ನಮ್ಮ ಅಜ್ಜಿ ನೆಲಕ್ಕೆ ಬೆರಳು ತಟ್ಟಿ 'ಕೃಷ್ಣ ಕೃಷ್ಣ' ಅನ್ನುತ್ತಿದ್ದರು. ಮಕ್ಕಳೇ, ಆಕಾಶದಲ್ಲೂ ಒಂದು ಹಲ್ಲಿ ಇದೆ. ಅದರ ಹೆಸರು ಲ್ಯಾಸರ್ಟ. ಲ್ಯಾಟಿನ್ ಭಾಷೆಯಲ್ಲಿ ಹಲ್ಲಿ, ಓತಿಕ್ಯಾತ ಎಂದೇ ಅರ್ಥ.

ದೀಪಾವಳಿಯ ಆಸುಪಾಸಿನಲ್ಲಿ ರಾತ್ರಿ ಎಂಟರ ಹೊತ್ತಿಗೆ ಉತ್ತರಕ್ಕೆ ಮುಖ ಮಾಡಿ ನಿಲ್ಲಿ. ಎಡಕ್ಕೆ ರಾಜಹಂಸ, ಬಲಕ್ಕೆ ಓರೆಯಾಗಿ ಬರೆದ 'ಎಂ' ಅಕ್ಷರದಂತೆ ಕುಂತಿ, ಅಂದರೆ ಕ್ಯಾಸಿಯೋಪಿಯ. ಇವೆರಡರ ನಡುವೆ ಡೊಂಕುಡೊಂಕಾಗಿ ಕೆಲವು ಮಂಕು ಚುಕ್ಕೆಗಳು. ಅಷ್ಟೇ ಹಲ್ಲಿ. ಬೀದಿದೀಪದ ಕೆಳಗೆ ನಿಂತು ಹುಡುಕಿದರೆ ಸಿಗುವುದಿಲ್ಲ.

ಇಷ್ಟು ಬಡ ಜಾಗಕ್ಕೂ ರಾಜರ ಕಣ್ಣು ಬಿದ್ದಿತ್ತು ನೋಡಿ. 1679ರಲ್ಲಿ ಫ್ರಾನ್ಸಿನ ಅಗಸ್ಟಿನ್ ರೋಯೆ ಎಂಬವರು ತಮ್ಮ ದೊರೆ ಹದಿನಾಲ್ಕನೆಯ ಲೂಯಿಯ ಗೌರವಕ್ಕಾಗಿ ಇಲ್ಲೊಂದು ರಾಜದಂಡ ಬರೆದರು. 1787ರಲ್ಲಿ ಬರ್ಲಿನ್ನಿನ ಬೋಡೆ, ಆಗಷ್ಟೇ ತೀರಿಕೊಂಡಿದ್ದ ಪ್ರಷ್ಯದ ದೊರೆ ಫ್ರೆಡರಿಕ್‌ನ ಹೆಸರಿಟ್ಟರು. ಬ್ಯಾಂಕಿನಲ್ಲಿ ಖಾತೆಯ ಹೆಸರು ಬದಲಿಸಬೇಕಾದರೆ ಅರ್ಜಿ, ರುಜು, ದಾಖಲೆ ಎಲ್ಲ ಬೇಕು. ಆಕಾಶಕ್ಕೆ ಆಗ ಅಂಥ ಕಚೇರಿಯೇ ಇರಲಿಲ್ಲ.

ನಡುವೆ ಹಲ್ಲಿಯನ್ನು ತಂದವರು ಗ್ಡಾನ್ಸ್ಕ್ ಊರಿನ ಹೆವೆಲಿಯಸ್. ನಕ್ಷತ್ರಗಳ ಸ್ಥಾನವನ್ನು ದೂರದರ್ಶಕವಿಲ್ಲದೆ ಬರಿಗಣ್ಣಿನಿಂದಲೇ ಅಳೆದವರು. 1679ರಲ್ಲಿ ಅವರ ವೀಕ್ಷಣಾಲಯ ಸುಟ್ಟುಹೋಯಿತು. ಮತ್ತೆ ಕಟ್ಟಿದರು. 1687ರಲ್ಲಿ, ತಮ್ಮ 76ನೆಯ ಹುಟ್ಟುಹಬ್ಬದ ದಿನವೇ ತೀರಿಕೊಂಡರು. ಪುಸ್ತಕ ಇನ್ನೂ ಅಚ್ಚಾಗಿರಲಿಲ್ಲ. ಜೊತೆಯಲ್ಲೇ ನಕ್ಷತ್ರ ಅಳೆಯುತ್ತಿದ್ದ ಹೆಂಡತಿ ಎಲಿಜಬೆತ್ 1690ರಲ್ಲಿ ಅದನ್ನು ಹೊರತಂದರು. ಆ ಹೆಣ್ಣುಮಗಳು ಕೈಬಿಟ್ಟಿದ್ದರೆ ಹಲ್ಲಿ ಕಾಗದದಲ್ಲೇ ಸಾಯುತ್ತಿತ್ತು. 1922ರಲ್ಲಿ ಅಂತಾರಾಷ್ಟ್ರೀಯ ಖಗೋಳ ಒಕ್ಕೂಟ 88 ನಕ್ಷತ್ರಪುಂಜಗಳ ಪಟ್ಟಿ ಮಾಡಿದಾಗ ಇಬ್ಬರು ರಾಜರಿಗೂ ಜಾಗ ಸಿಗಲಿಲ್ಲ, ಹಲ್ಲಿಗೆ ಸಿಕ್ಕಿತು.

ಅದರ ಹೊಟ್ಟೆಯಲ್ಲಿ ಇನ್ನೊಂದು ಗುಟ್ಟಿದೆ. 1929ರಲ್ಲಿ ಜರ್ಮನಿಯ ಹಾಫ್‌ಮೈಸ್ಟರ್ ಅಲ್ಲೊಂದು ಚುಕ್ಕೆ ಕಂಡರು. ಬೆಳಕು ಒಮ್ಮೆ ಹೆಚ್ಚು, ಒಮ್ಮೆ ಕಡಿಮೆ. ನಕ್ಷತ್ರವೆಂದು ಬಗೆದು ಬಿಎಲ್ ಲ್ಯಾಸರ್ಟೇ ಎಂದು ದಾಖಲಿಸಿದರು. ಸುಮಾರು ನಲವತ್ತು ವರ್ಷವಾದ ಮೇಲೆ ಅದು ನಕ್ಷತ್ರವೇ ಅಲ್ಲವೆಂದು ತಿಳಿಯುತ್ತ ಬಂತು. ಅದು ಸುಮಾರು 90 ಕೋಟಿ ಜ್ಯೋತಿರ್ವರ್ಷ ದೂರದ ಗ್ಯಾಲಕ್ಸಿಯ ಕೇಂದ್ರ. ಈಗ ಅದೇ ಬಗೆಯವಕ್ಕೆಲ್ಲ ಇದರದೇ ಹೆಸರು.

ಕಳೆದ ದೀಪಾವಳಿಗೆ ಊರಿನ ಕಣದಲ್ಲಿ ನಿಂತು ಮೊಮ್ಮಗಳಿಗೆ ದಿಕ್ಕು ಹೇಳಿದೆ. ನನ್ನ ಕಣ್ಣಿಗೆ ಅಲ್ಲಿ ಬರೀ ಕತ್ತಲು. ಅವಳು ಬೆರಳು ಮಾಡಿದಳು.

"ಸಿಕ್ತು ತಾತ! ತಲೆ ಕೆಳಗೆ, ಬಾಲ ಮೇಲೆ. ನಮ್ಮ ಅಡುಗೆಮನೆ ಗೋಡೆ ಇಳಿಯೋ ಹಾಗೇ ಇದೆ."

ನಾನು ಅವಳ ಬೆರಳನ್ನೇ ನೋಡುತ್ತ ನಿಂತೆ.